ಸಣ್ಣ ವಿಮಾನದಲ್ಲಿ ಬಂದು ಬೆಂಗಳೂರಲ್ಲಿ ಮುಂದಿನ ಫ್ಲೈಟ್ ಹಿಡಿಯೋದು: ಅನುಭವ ಇದ್ದವರು ಹೇಳಿ

ಪ್ರಶ್ನೆ: ಅಪ್ಪ, ಅಮ್ಮ ಇಬ್ಬರೂ ಎಪ್ಪತ್ತು ದಾಟಿದವರು. ಜುಲೈನಲ್ಲಿ ಶಿವಮೊಗ್ಗದಿಂದ ಬೆಂಗಳೂರಿಗೆ ಎಟಿಆರ್ (ಪ್ರೊಪೆಲ್ಲರ್ ಇರೋ ಸಣ್ಣ) ವಿಮಾನದಲ್ಲಿ ಬಂದು, ಎರಡೂವರೆ ಗಂಟೆ ಬಿಟ್ಟು ಬೇರೆ ಕಂಪನಿಯ ಫ್ಲೈಟಲ್ಲಿ ದೆಹಲಿಗೆ ಹೋಗಬೇಕು. ಟಿಕೆಟ್ ಎರಡೂ ಬೇರೆ ಬೇರೆ. ಇಷ್ಟು ಸಮಯ ಸಾಕಾ? ಅಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತೋದು ಕಷ್ಟ.

ತೀರ್ಥಹಳ್ಳಿಯಿಂದ: ಸಾಲಲ್ಲ. ಮಳೆಗಾಲದಲ್ಲಂತೂ ಖಂಡಿತ ಸಾಲಲ್ಲ. ನೀವು ಹತ್ತೋ ವಿಮಾನ ಶಿವಮೊಗ್ಗ ವಿಮಾನ ನಿಲ್ದಾಣ ಇರೋ ಸೋಗಾನೆಯಲ್ಲಿ ನಿಮಗಾಗಿ ಕಾದು ನಿಂತಿರಲ್ಲ, ಬೇರೆ ಊರಿಂದ ಬಂದು ಇಳಿದರೆ ತಾನೇ ಹತ್ತೋದು? ಮೋಡ ಕೆಳಗೆ ಕೂತು ರನ್‌ವೇ ಕಾಣದಿದ್ದರೆ ಮೇಲೆ ಸುತ್ತಿ ಸುತ್ತಿ ವಾಪಸ್ ಹೋಗುತ್ತೆ. ಒಮ್ಮೆ ಹೀಗೇ ಆಗಿ, ಕೆಳಗೆ ಕಾಯುತ್ತಿದ್ದ ನಮಗೆ ಅದರ ಸದ್ದು ಕೇಳಿಸಿತು, ವಿಮಾನ ಮಾತ್ರ ಕಾಣಲೇ ಇಲ್ಲ. ಆಮೇಲೆ ಕ್ಯಾನ್ಸಲ್ ಅಂದರು.

ಬೆಂಗಳೂರಿನಿಂದ: ಪ್ರಾದೇಶಿಕ ವಿಮಾನ ಕಂಪನಿಯ ಆಪರೇಷನ್ಸ್‌ನಲ್ಲಿ ಕೆಲಸ ಮಾಡಿದವನು ನಾನು, ಒಳಗಿನ ಲೆಕ್ಕ ಹೇಳ್ತೀನಿ. ಸಣ್ಣ ಕಂಪನಿ ಹತ್ತಿರ ವಿಮಾನಗಳೇ ಕಡಿಮೆ, ಸುಮ್ಮನೆ ನಿಂತಿರೋ ಹೆಚ್ಚುವರಿ ವಿಮಾನ ಅಂತ ಬಹುತೇಕ ಇರಲ್ಲ. ಒಂದೇ ವಿಮಾನ ಬೆಳಿಗ್ಗೆಯಿಂದ ರಾತ್ರಿವರೆಗೆ ನಾಲ್ಕಾರು ಊರು ಸುತ್ತುತ್ತೆ. ಒಂದೂರಲ್ಲಿ ಇಳಿದು, ಜನರನ್ನ ಇಳಿಸಿ, ಹತ್ತಿಸಿ, ಮತ್ತೆ ಹಾರೋಕೆ ಅದಕ್ಕೆ ಸಿಗೋದು ಅರ್ಧ ಗಂಟೆ ಅಷ್ಟೇ. ಬೆಳಿಗ್ಗೆ ನಲವತ್ತು ನಿಮಿಷ ತಡವಾದರೆ ಆ ತಡ ಸಂಜೆವರೆಗೂ ತೀರಲ್ಲ, ಬೆಳೀತಾ ಹೋಗುತ್ತೆ. ಪೈಲಟ್‌ಗಳ ಡ್ಯೂಟಿ ಅವಧಿಗೆ ಕಾನೂನಿನ ಮಿತಿ ಇದೆ. ಸಣ್ಣ ವಿಮಾನ ನಿಲ್ದಾಣಗಳು ಇಡೀ ರಾತ್ರಿ ತೆರೆದಿರಲ್ಲ. ಇವೆರಡರಲ್ಲಿ ಯಾವುದೊಂದು ಮೀರಿದರೂ ಮೊದಲು ಕತ್ತರಿ ಬೀಳೋದು ದಿನದ ಕೊನೆಯ ಫ್ಲೈಟಿಗೆ.

ಹಾಗಾಗಿ ಹೊರಡೋ ದಿನ ನಿಮ್ಮ ಫ್ಲೈಟ್ ಟೈಮ್ ಒಂದನ್ನೇ ನೋಡಬೇಡಿ, ವಿಮಾನ ಎಲ್ಲಿದೆ ಅಂತ ನೋಡಿ. ಫ್ಲೈಟ್ ಟ್ರ್ಯಾಕ್ ಮಾಡೋ ಆ್ಯಪ್‌ಗಳಲ್ಲಿ ವಿಟಿ ಅಂತ ಶುರುವಾಗೋ ನೋಂದಣಿ ಸಂಖ್ಯೆ ಸಿಗುತ್ತೆ. ಆ ವಿಮಾನ ಇನ್ನೂ ಹಿಂದಿನ ಊರಲ್ಲೇ ನಿಂತಿದ್ದರೆ, ಕಂಪನಿಯಿಂದ ಮೆಸೇಜ್ ಬರೋ ಮೊದಲೇ ನಿಮಗೆ ಗೊತ್ತಾಗುತ್ತೆ.

"ಹಾಗಾದರೆ ಬೆಳಗಿನ ಮೊದಲ ಫ್ಲೈಟೇ ಒಳ್ಳೇದಾ" ಅಂತ ಕೇಳ್ತಾರೆ. ಬೇಸಿಗೆಯಲ್ಲಿ ಹೌದು. ಮಲೆನಾಡಿನ ಮಂಜು, ಮಳೆಯಲ್ಲಿ ಅದೂ ಗ್ಯಾರಂಟಿ ಅಲ್ಲ. ಕ್ಯಾಟ್-1 ಐಎಲ್‌ಎಸ್ (ರೇಡಿಯೋ ಸಂಕೇತದಿಂದ ಪೈಲಟ್‌ಗೆ ರನ್‌ವೇ ದಾರಿ ತೋರಿಸೋ) ಉಪಕರಣ ಇದ್ದ ಕಡೆ ರನ್‌ವೇ ಮೇಲೆ 550 ಮೀಟರ್ ಕಂಡರೂ ಇಳಿಸಬಹುದು. ಅದಿಲ್ಲದ ಕಡೆ ಅದಕ್ಕಿಂತ ಎಷ್ಟೋ ಹೆಚ್ಚು ದೂರ ಕಾಣಬೇಕು. ಇಳಿಸದೆ ವಾಪಸ್ ಹೋದ ಪೈಲಟ್ ಸರಿಯಾದ ಕೆಲಸವನ್ನೇ ಮಾಡಿರ್ತಾರೆ, ದಯವಿಟ್ಟು ಕೌಂಟರಲ್ಲಿರೋ ಹುಡುಗರ ಮೇಲೆ ಕೂಗಾಡಬೇಡಿ.

ಬೆಳಗಾವಿಯಿಂದ: ಬೇರೆ ಬೇರೆ ಟಿಕೆಟ್ ಅನ್ನೋದೇ ಇಲ್ಲಿ ದೊಡ್ಡ ತೊಂದರೆ ನೋಡ್ರಿ. ಮೊದಲನೇದು ತಡ ಆದ್ರ ಎರಡನೇ ಕಂಪನಿಯವ್ರಿಗೆ ಅದರ ಸಂಬಂಧನ ಇಲ್ಲ, ನೀವು ಬರಲಿಲ್ಲ ಅಂತ ಬರಕೋತಾರ. ಒಂದೇ ಪಿಎನ್‌ಆರ್ ಇದ್ರ ಮುಂದಿನ ಫ್ಲೈಟಿಗೆ ಹಾಕೋ ಜವಾಬ್ದಾರಿ ಅವ್ರದು. ಎರಡೂವರೆ ತಾಸಿನ ಲೆಕ್ಕ ಹಾಕ್ರಿ: ಬ್ಯಾಗ್ ಬರೂದಕ್ಕ ಅರ್ಧ ತಾಸು, ಚೆಕ್-ಇನ್ ಕೌಂಟರ್ ಒಂದು ತಾಸು ಮೊದಲ ಬಂದ್. ಉಳಿಯೂದು ಒಂದು ತಾಸು. ಟರ್ಮಿನಲ್ 1ರಿಂದ 2ಕ್ಕ ಹೋಗೂದಿದ್ರ ಅದೂ ಇಲ್ಲ.

ಮೈಸೂರಿನಿಂದ: ವಿಮಾನಯಾನದ ಸರ್ಕಾರಿ ನಿಯಂತ್ರಣ ಸಂಸ್ಥೆ ಡಿಜಿಸಿಎ ನಿಯಮ ತಿಳಿದಿರಲಿ. ಇಂಥ ಸಣ್ಣ ಹಾರಾಟ ಎರಡು ಗಂಟೆ ಮೀರಿ ತಡವಾದರೆ ತಿಂಡಿ, ಪಾನೀಯ ಕೊಡಬೇಕು. ಆರು ಗಂಟೆ ಮೀರಿದರೆ ಬದಲಿ ಫ್ಲೈಟ್ ಅಥವಾ ಪೂರ್ತಿ ಹಣ. ಮುನ್ಸೂಚನೆ ಇಲ್ಲದೆ ರದ್ದಾದರೆ, ಒಂದು ಗಂಟೆಯೊಳಗಿನ ಹಾರಾಟಕ್ಕೆ ₹5,000 ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಯಾವುದು ಕಡಿಮೆಯೋ ಅದು ಪರಿಹಾರ. ಆದರೆ ಹವಾಮಾನ ಕಾರಣವಾದರೆ ಪರಿಹಾರ ಇಲ್ಲ, ಟಿಕೆಟ್ ಹಣ ಅಥವಾ ಬದಲಿ ಫ್ಲೈಟ್ ಮಾತ್ರ. ಕಂಪನಿ ಸ್ಪಂದಿಸದಿದ್ದರೆ ಸರ್ಕಾರದ ದೂರು ಪೋರ್ಟಲ್ ಏರ್‌ಸೇವಾದಲ್ಲಿ ದೂರು ಕೊಡಿ.

ಸಾಗರದಿಂದ: ಅಮ್ಮನ ಮೊಣಕಾಲಿನ ವಿಷಯ. ಎಟಿಆರ್‌ಗೆ ಹಿಂಬಾಗಿಲಿಂದ ಹತ್ತೋದು, ಬಾಗಿಲಿಗೇ ಸೇರಿಕೊಂಡ ಕೆಲವೇ ಮೆಟ್ಟಿಲು. ಆದರೆ ಕಿರಿದು, ಕಡಿದಾಗಿದೆ, ಮಳೆಯಲ್ಲಿ ಒದ್ದೆ. ವೀಲ್‌ಚೇರ್‌ ಬೇಕು ಅಂತ 48 ಗಂಟೆ ಮೊದಲೇ ತಿಳಿಸಿ, ಇಳಿಜಾರು ರ‍್ಯಾಂಪ್ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಹಿಂದಿನ ಸಾಲಿನ ಸೀಟು ತಗೊಳ್ಳಿ: ಬಾಗಿಲಿಗೆ ಹತ್ತಿರ, ಪ್ರೊಪೆಲ್ಲರ್ ಸದ್ದೂ ಕಡಿಮೆ. ಟ್ರಾಲಿ ಬ್ಯಾಗ್ ಮೇಲಿನ ಗೂಡಲ್ಲಿ ಹಿಡಿಸಲ್ಲ, ವಿಮಾನದ ಪಕ್ಕದಲ್ಲೇ ಇಸ್ಕೊಂಡುಬಿಡ್ತಾರೆ. ಮಾತ್ರೆ, ಕನ್ನಡಕ, ಆಧಾರ್ ಎಲ್ಲಾ ಕೈಚೀಲದಲ್ಲಿರಲಿ.

ಇನ್ನೊಂದು, ಸಾಧ್ಯವಾದರೆ ಹಿಂದಿನ ದಿನವೇ ಬೆಂಗಳೂರಿಗೆ ಬಂದು ಯಾರಾದರೂ ನೆಂಟರ ಮನೇಲಿ ಉಳಿಯಲಿ. ಹಿಂದಿನ ದಿನದ ಫ್ಲೈಟ್ ರದ್ದಾದರೂ ರೈಲು, ಬಸ್ಸು ಹಿಡಿಯೋಕೆ ಒಂದು ರಾತ್ರಿ ಕೈಯಲ್ಲಿರುತ್ತೆ.