ಅಂಬಾಸಿಡರ್ ಬ್ರೇಕ್: ಮಾಸ್ಟರ್ ಸಿಲಿಂಡರ್‌ಗೆ ಕಿಟ್ ಸಾಕೇ, ಹೊಸದೇ ಬೇಕೇ?

ಪ್ರಶ್ನೆ (ಬಳ್ಳಾರಿ)

ತಂದೆಯವರ ಕಾಲದ ಅಂಬಾಸಿಡರ್ ಮಾರ್ಕ್ 2 ನಮ್ಮಲ್ಲಿದೆ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್. ಸಿಗ್ನಲ್‌ನಲ್ಲಿ ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟುಕೊಂಡು ನಿಂತರೆ ಅದು ಮೆಲ್ಲಗೆ ಕೆಳಗಿಳಿಯುತ್ತದೆ; ಒಮ್ಮೆಲೇ ಜೋರಾಗಿ ತುಳಿದರೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಡ್ರಮ್‌ಗಳನ್ನು ಬಿಚ್ಚಿ ನೋಡಿದಾಗ ಎಲ್ಲಿಯೂ ಒದ್ದೆ ಕಾಣಲಿಲ್ಲ, ಬ್ರೇಕ್ ಆಯಿಲ್ ಮಟ್ಟವೂ ಇಳಿಯುತ್ತಿಲ್ಲ. ಮಾಸ್ಟರ್ ಸಿಲಿಂಡರಿಗೆ (ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳತ್ತ ಒತ್ತುವ ಭಾಗ) ಕಿಟ್, ಅಂದರೆ ಹೊಸ ರಬ್ಬರ್ ವಾಷರ್‌ಗಳ ಸೆಟ್, ಹಾಕಿದರೆ ಸಾಕೆಂದು ಒಬ್ಬರು, ಸಿಲಿಂಡರನ್ನೇ ಬದಲಿಸಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ಮನೆಯಲ್ಲಿಯೇ ಬಿಚ್ಚಿ ಕೂಡಿಸುವುದಾದರೆ ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು?

ಉತ್ತರ (ರಾಯಚೂರು)

ತಾವು ವಿವರಿಸಿದ ಲಕ್ಷಣ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ವಾಷರಿನದೇ ಎಂದು ಹೇಳಬಹುದು. ಜೋರಾಗಿ ತುಳಿದಾಗ ಒತ್ತಡಕ್ಕೆ ವಾಷರಿನ ಅಂಚು ಅರಳಿ ಗೋಡೆಗೆ ಅಂಟಿಕೊಳ್ಳುತ್ತದೆ. ಹಗುರವಾಗಿ ತುಳಿದಾಗ ಅಂಚು ಸಡಿಲವಾಗಿಯೇ ಉಳಿದು ಆಯಿಲ್ ಅದರ ಪಕ್ಕದಿಂದ ಹಿಂದಕ್ಕೆ ನುಸುಳುತ್ತದೆ. ಆದ್ದರಿಂದಲೇ ಹೊರಗೆ ಒಂದು ಹನಿಯೂ ಬೀಳುವುದಿಲ್ಲ.

ಕಿಟ್ ಸಾಕೋ ಇಲ್ಲವೋ ಎಂಬುದನ್ನು ಸಿಲಿಂಡರಿನ ಒಳಮೈ ನೋಡಿಯೇ ತೀರ್ಮಾನಿಸಬೇಕು. ಬಿಚ್ಚುವ ಮೊದಲು ಮುಚ್ಚಳದ ಸುತ್ತಲಿನ ಮಣ್ಣನ್ನು ಒರೆಸಿ, ಆಯಿಲನ್ನು ಹೊರತೆಗೆದು, ಪೈಪಿನ ನಟ್ಟನ್ನು ಸರಿಯಾದ ಅಳತೆಯ, ಪೈಪ್ ತೂರುವಷ್ಟು ಸೀಳಿರುವ ರಿಂಗ್ ಪಾನಾದಿಂದಲೇ ಸಡಿಲಿಸಿ. ತೆರೆಬಾಯಿಯ ಪಾನಾ ಜಾರಿ ನಟ್ಟಿನ ಮೂಲೆಗಳು ಸವೆದರೆ ಅರ್ಧ ಗಂಟೆಯ ಕೆಲಸ ಎರಡು ದಿನಕ್ಕೆ ಹೋಗುತ್ತದೆ. ಬಿಚ್ಚಿದ ಪೈಪಿನ ಬಾಯಿಯನ್ನು ಕೂಡಲೇ ಮುಚ್ಚಿಡಿ. ನಮ್ಮ ಕಡೆಯ ಧೂಳು ಕೇಳಿ ಬರುವುದಿಲ್ಲ. ಪಿಸ್ಟನ್, ವಾಷರ್, ಸ್ಪ್ರಿಂಗ್ ಮತ್ತು ತಳದಲ್ಲಿರುವ ವಾಲ್ವ್ ಹೊರಬಂದ ಕ್ರಮದಲ್ಲಿಯೇ ಬಟ್ಟೆಯ ಮೇಲೆ ಜೋಡಿಸಿ ಫೋಟೊ ತೆಗೆದುಕೊಳ್ಳಿ. ಒಳಮೈಯನ್ನು ಒರೆಸಿ ಬೆಳಕಿಗೆ ಹಿಡಿದಾಗ ಕನ್ನಡಿಯಂತಿದ್ದರೆ ಕಿಟ್ ಸಾಕು. ಉಗುರಿಗೆ ತಗಲುವ ತುಕ್ಕಿನ ಕುಳಿ ಒಂದೇ ಒಂದು ಇದ್ದರೂ ಹೊಸ ವಾಷರ್ ಹೆಚ್ಚು ದಿನ ಬಾಳುವುದಿಲ್ಲ.

ಉತ್ತರ (ಗಂಗಾವತಿ)

ಮೇಲಿನವರ ಮಾತಿಗೆ ಒಂದೆರಡು ವಿಷಯ ಸೇರಿಸುತ್ತೇನೆ. ಭಾಗಗಳನ್ನು ಪೆಟ್ರೋಲ್, ಸೀಮೆಎಣ್ಣೆ ಅಥವಾ ಡೀಸೆಲ್‌ನಿಂದ ಎಂದಿಗೂ ತೊಳೆಯಬೇಡಿ. ಅವು ತಗುಲಿದರೆ ಈ ರಬ್ಬರ್ ಉಬ್ಬುತ್ತದೆ. ಹೊಸ ಬ್ರೇಕ್ ಆಯಿಲ್‌ನಿಂದಲೇ ತೊಳೆದು, ಅದನ್ನೇ ಸವರಿ ಕೂಡಿಸಿ, ಗ್ರೀಸ್ ಹಚ್ಚಬೇಡಿ. ಆ ಆಯಿಲ್ ಬಣ್ಣವನ್ನು ಕಿತ್ತುಹಾಕುವುದರಿಂದ ಬಾಡಿಯ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿಯಬೇಕು.

ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ತೇವ ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯಬಹುದು. ಕುಳಿ ಬೀಳುವುದಕ್ಕೂ ಆ ತೇವವೇ ಕಾರಣ. ಆದುದರಿಂದ ಅರ್ಧ ಬಳಸಿ ವರ್ಷಗಟ್ಟಲೆ ಇಟ್ಟ ಡಬ್ಬಿಯದನ್ನು ಹಾಕಬೇಡಿ.

ಕೂಡಿಸಿದ ಮೇಲೆ ಪೈಪುಗಳೊಳಗೆ ಸೇರಿದ ಏರ್ ತೆಗೆಯುವಾಗ ಸಿಲಿಂಡರಿಗೆ ಅತಿ ದೂರದ ಹಿಂದಿನ ಚಕ್ರದಿಂದ ಆರಂಭಿಸಿ. ಹಳೆಯ ಸಿಲಿಂಡರಿಗೆ ಕಿಟ್ ಹಾಕಿದ್ದರೆ ಪೆಡಲ್ ಕೆಳಗೆ ಮರದ ತುಂಡಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ವಾಷರ್ ಎಂದೂ ಓಡಾಡದ, ತುಕ್ಕು ಕಟ್ಟಿದ ಭಾಗದವರೆಗೂ ಹೋಗಿ ಹರಿಯುತ್ತದೆ.

ಪ್ರಶ್ನೆ ಕೇಳಿದವರು (ಬಳ್ಳಾರಿ)

ಇಬ್ಬರಿಗೂ ಧನ್ಯವಾದಗಳು. ಒಳಗೆ ಕುಳಿಗಳಿದ್ದವು, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಸಿಲಿಂಡರ್ ತರಿಸಿ ಹಾಕಿದೆ. ಈಗ ಪೆಡಲ್ ಗಟ್ಟಿಯಾಗಿದೆ, ಆದರೆ ಕೌಲ್ ಬಜಾರಿನವರೆಗೆ ಹೋಗುವಷ್ಟರಲ್ಲಿ ನಾಲ್ಕೂ ಡ್ರಮ್‌ಗಳು ಮುಟ್ಟಲಾಗದಷ್ಟು ಕಾದಿದ್ದವು, ಗಾಡಿಯನ್ನು ನೂಕಿದರೂ ಕದಲಲಿಲ್ಲ.

ಉತ್ತರ (ರಾಯಚೂರು)

ಒಂದೇ ಚಕ್ರ ಹಿಡಿದಿದ್ದರೆ ಅಲ್ಲಿನ ರಬ್ಬರ್ ಪೈಪ್ ಅಥವಾ ಚಕ್ರದ ಸಿಲಿಂಡರನ್ನು ಶಂಕಿಸಬಹುದಿತ್ತು. ನಾಲ್ಕೂ ಹಿಡಿದಿರುವುದರಿಂದ ಮೊದಲು ಪುಶ್ ರಾಡ್ (ಪೆಡಲಿನಿಂದ ಪಿಸ್ಟನ್ನನ್ನು ಒತ್ತುವ ಸರಳು) ನೋಡಿ. ಕಾಲು ತೆಗೆದಾಗ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದರೆ ಮಾತ್ರ ಸಿಲಿಂಡರಿನ ಸಣ್ಣ ರಂಧ್ರ ತೆರೆದು, ಬಿಸಿಗೆ ಹಿಗ್ಗಿದ ಆಯಿಲ್ ಮೇಲಿನ ಡಬ್ಬಿಗೆ ಮರಳುತ್ತದೆ. ಪುಶ್ ರಾಡ್ ತುಸು ಉದ್ದವಾಗಿದ್ದರೂ ವಾಷರ್ ಆ ರಂಧ್ರವನ್ನು ಮುಚ್ಚಿಕೊಂಡೇ ಇರುತ್ತದೆ. ಓಡಿದಷ್ಟೂ ಬ್ರೇಕ್ ತಾನಾಗಿಯೇ ಬಿಗಿಯುತ್ತದೆ.

ಖಚಿತಪಡಿಸಿಕೊಳ್ಳಲು, ಬಿಗಿದಿರುವಾಗಲೇ ಒಂದು ಚಕ್ರದ ನಿಪ್ಪಲನ್ನು (ಏರ್ ತೆಗೆಯಲು ಬಿಚ್ಚುವ ಸ್ಕ್ರೂ) ಸಡಿಲಿಸಿ. ಆಯಿಲ್ ಚಿಮ್ಮಿ ಗಾಡಿ ಕದಲಿದರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ ಎಂದರ್ಥ. ಪುಶ್ ರಾಡ್ ತುದಿಗೂ ಪಿಸ್ಟನ್‌ಗೂ ನಡುವೆ ಒಂದು ಮಿಲಿಮೀಟರಿಗೂ ಕಡಿಮೆ, ಆದರೆ ಕೈಗೆ ತಿಳಿಯುವಷ್ಟು ಸಡಿಲ ಇರುವಂತೆ ಹೊಂದಿಸಿ. ಅನಂತರ ಮುಚ್ಚಳ ತೆಗೆದು, ಇನ್ನೊಬ್ಬರಿಂದ ಪೆಡಲನ್ನು ಮೆಲ್ಲಗೆ ಒತ್ತಿಸಿ ಬಿಡಿಸಿದರೆ ಡಬ್ಬಿಯೊಳಗೆ ಆಯಿಲ್ ಸಣ್ಣದಾಗಿ ಪುಟಿಯುವುದು ಕಾಣಬೇಕು. ಹಾಗೆ ಪುಟಿಯದಿದ್ದರೆ ರಂಧ್ರ ಇನ್ನೂ ಮುಚ್ಚಿಯೇ ಇದೆ. ಗಾಡಿಯನ್ನು ರಸ್ತೆಗೆ ಇಳಿಸಬೇಡಿ.