ಚಿಮಣಿ ಹಾದುಹೋಗುವ ಅಟ್ಟಕ್ಕೆ ಇನ್ಸುಲೇಷನ್: ಮಾಡಿಸಿದವರು ಹೇಳಿ

ಪ್ರಶ್ನೆ: ನಮ್ಮದು ಹಳೆ ಮನೆ. ಫೈರ್‌ಪ್ಲೇಸ್‌ನ ಇಟ್ಟಿಗೆ ಚಿಮಣಿ ಅಟ್ಟದ ಮಧ್ಯೆ ಹಾದು ಮೇಲಕ್ಕೆ ಹೋಗುತ್ತದೆ. ಚಳಿಗಾಲದಲ್ಲಿ ಸೌದೆ ಉರಿಸುತ್ತೇವೆ. ಈಗ ಅಟ್ಟಕ್ಕೆ ಇನ್ಸುಲೇಷನ್ (ಬಿಸಿ ಹೊರಹೋಗದಂತೆ ಹಾಸುವ ಪದರ) ಹಾಕಬೇಕು. ಚಿಮಣಿಗೂ ಮರದ ತೊಲೆಗೂ ನಡುವೆ ಮೂರು ಬೆರಳು ತೂರುವಷ್ಟು ಸಂದಿದೆ, ಮನೆಯ ಬಿಸಿಯೆಲ್ಲ ಅಲ್ಲಿಂದಲೇ ಮೇಲೆ ಹೋಗುತ್ತಿದೆ. ಸ್ಪ್ರೇ ಫೋಮ್ (ಹೊಡೆದ ಮೇಲೆ ಉಬ್ಬಿ ಗಟ್ಟಿಯಾಗುವ ನೊರೆ) ಹೊಡೆದು ಮುಚ್ಚಿಬಿಡಲಾ?

— ಫೋಮ್ ಬೇಡವೇ ಬೇಡ. ಆ ಸಂದು ಕಟ್ಟಿದವರು ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಅಮೆರಿಕದ ಕಟ್ಟಡ ನಿಯಮದ ಪ್ರಕಾರ ಮನೆಯೊಳಗಿನ ಇಟ್ಟಿಗೆ ಚಿಮಣಿಗೂ ಮರಕ್ಕೂ ಕನಿಷ್ಠ 2 ಇಂಚು, ಅಂದರೆ ಸುಮಾರು 50 ಮಿ.ಮೀ. ಅಂತರ ಇರಬೇಕು. ನಿಮ್ಮಲ್ಲಿನ ನಿಯಮವನ್ನೂ ಒಮ್ಮೆ ವಿಚಾರಿಸಿ. ಹೊಸ ಮರ ಹೊತ್ತಿಕೊಳ್ಳಲು 250 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ಆದರೆ ವರ್ಷಗಟ್ಟಲೆ ಕಾದು ಕಾದು ಒಳಗೇ ಕರಕಲಾದ ಮರಕ್ಕೆ ಅದಕ್ಕಿಂತ ತುಂಬ ಕಡಿಮೆ ಬಿಸಿಯೂ ಸಾಕಾಗಬಹುದು. ‘ಇಷ್ಟು ವರ್ಷ ಏನೂ ಆಗಿಲ್ಲವಲ್ಲ’ ಅನ್ನೋ ಮಾತನ್ನು ನಂಬಬೇಡಿ. ‘ಫೈರ್ ಬ್ಲಾಕ್’ ಅಂತ ಬರುವ ಕಿತ್ತಳೆ ಬಣ್ಣದ ಫೋಮ್ ಕೂಡ ವೈರು, ಪೈಪಿನ ತೂತಿಗೆ ಮಾತ್ರ. ಚಿಮಣಿಗಲ್ಲ.

— ಮೇಲಿನವರು ಹೇಳಿದ್ದು ಸರಿ, ಆದರೆ ಸಂದನ್ನು ಹಾಗೇ ತೆರೆದಿಟ್ಟರೆ ಎಷ್ಟು ದಪ್ಪ ಇನ್ಸುಲೇಷನ್ ಹಾಸಿದರೂ ಬಿಸಿ ಗಾಳಿ ಸೋರುತ್ತಲೇ ಇರುತ್ತದೆ. ಸಂದನ್ನು ತುಂಬಬಾರದು, ಮೇಲಿನಿಂದ ಮುಚ್ಚಬೇಕು. ನಾವು ಗ್ಯಾಲ್ವನೈಸ್ಡ್ ತಗಡು ಬಳಸಿದೆವು. ನಾಲ್ಕು ಬದಿಗೆ ನಾಲ್ಕು ಪಟ್ಟಿ. ಒಂದು ಅಂಚನ್ನು ತೊಲೆಯ ಮೇಲೆ ಕೂರಿಸಿ ಮೊಳೆ ಹೊಡೆಯುವುದು, ಇನ್ನೊಂದು ಅಂಚು ಇಟ್ಟಿಗೆಗೆ ತಾಗುವ ಹಾಗೆ ಕತ್ತರಿಸುವುದು. ಹಳೆ ಇಟ್ಟಿಗೆ ನೇರವಾಗಿರುವುದಿಲ್ಲ, ಹಾಗಾಗಿ ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿ ಇಟ್ಟು ನೋಡಿ, ಆಮೇಲೆ ತಗಡಿಗೆ ಕೈ ಹಾಕಿ. ಮೂಲೆಗಳಲ್ಲಿ ಒಂದರ ಮೇಲೊಂದು ಬರಲಿ. ಇಟ್ಟಿಗೆಯ ಧೂಳನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ತೆಗೆದ ಮೇಲೇ ತಗಡು ಇಟ್ಟಿಗೆಗೆ ತಾಗುವಲ್ಲಿ ಸೀಲೆಂಟ್ (ಸಂದು ಮುಚ್ಚುವ ಅಂಟು) ಹಚ್ಚಿ, ಇಲ್ಲದಿದ್ದರೆ ಹಿಡಿಯುವುದಿಲ್ಲ. ಜಾಸ್ತಿ ಬಿಸಿ ತಡೆಯುವ ಸೀಲೆಂಟೇ ಆಗಬೇಕು. ಬಾತ್‌ರೂಮಿನ ಸಿಲಿಕೋನ್ ನಡೆಯುವುದಿಲ್ಲ.

ಅದಾದ ಮೇಲೆ ಚಿಮಣಿಯಿಂದ 2 ಇಂಚು ಬಿಟ್ಟು ಸುತ್ತಲೂ ತಗಡಿನ ಗೋಡೆ ನಿಲ್ಲಿಸಿ. ಇನ್ಸುಲೇಷನ್‌ಗಿಂತ ಮೂರ್ನಾಲ್ಕು ಇಂಚು ಎತ್ತರ ಇರಲಿ. ಮೆಷಿನ್‌ನಲ್ಲಿ ಊದಿ ಹಾಕುವ ಸೆಲ್ಯುಲೋಸ್ ಆದರೆ ಇದು ಇನ್ನೂ ಮುಖ್ಯ. ಅದು ಹಳೆ ಪೇಪರಿನಿಂದ ಮಾಡಿದ್ದು. ಬೆಂಕಿ ತಡೆಯಲು ಬೋರೇಟ್ ಬೆರೆಸಿರುತ್ತಾರೆ, ಆದರೂ ಜ್ವಾಲೆಯಿಲ್ಲದೆ ಹೊಗೆಯಾಡುತ್ತಾ ಒಳಗೊಳಗೇ ಸುಡಬಲ್ಲದು.

— ರಾಕ್‌ವೂಲ್ (ಕಲ್ಲು ಕರಗಿಸಿ ಮಾಡುವ ಉಣ್ಣೆಯಂಥ ಇನ್ಸುಲೇಷನ್) ಉರಿಯಲ್ಲ ಅಲ್ವಾ? ಅದನ್ನೇ ಸಂದಿಗೆ ತುರುಕಿದರೆ ಆಗಲ್ವಾ?

— ಉರಿಯುವುದಿಲ್ಲ, ನಿಜ. 1000 ಡಿಗ್ರಿಗೂ ಕರಗಲ್ಲ. ಆದರೆ ಅಲ್ಲಿ ಗಾಳಿಗೆ ಕೆಲಸ ಇದೆ: ಇಟ್ಟಿಗೆ ತಣ್ಣಗಾಗಬೇಕು. ಸಂದು ತುಂಬಿದರೆ ಇಟ್ಟಿಗೆ ಇನ್ನಷ್ಟು ಕಾಯುತ್ತದೆ, ಆ ಬಿಸಿ ಕೊನೆಗೆ ತೊಲೆಗೇ ತಲುಪುತ್ತದೆ. ತಗಡಿನ ಗೋಡೆಯ ಆಚೆ, ಮೊದಲ ಸಾಲಿಗೆ ರಾಕ್‌ವೂಲ್ ಹಾಕಿ. ಅಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ. ಫೈಬರ್‌ಗ್ಲಾಸ್ ಆದರೆ ಪೇಪರ್ ಅಂಟಿಸಿದ್ದು ಬೇಡ, ಆ ಪೇಪರೇ ಮೊದಲು ಹೊತ್ತುವುದು.

— ನಾನು ಚಿಮಣಿ ಕ್ಲೀನ್ ಮಾಡುವ ಕೆಲಸದವನು. ತಗಡು ತರುವ ಮುಂಚೆ ಟಾರ್ಚ್ ಹಿಡಿದು ಅಟ್ಟದೊಳಗಿನ ಚಿಮಣಿಯನ್ನು ನಾಲ್ಕೂ ಕಡೆ ನೋಡಿ. ಗಾರೆಯ ಸಂದಿನಲ್ಲಿ ಮಸಿ ಇಳಿದಿದ್ದರೆ ಹೊಗೆ ಹೊರಬರುತ್ತಿದೆ ಅಂತ ಅರ್ಥ. ಬಿಳಿ ಪುಡಿ ಕಂಡರೆ ನೀರು ಸೇರುತ್ತಿದೆ. ಎರಡರಲ್ಲಿ ಯಾವುದಿದ್ದರೂ ಮೊದಲು ರಿಪೇರಿ, ಆಮೇಲೆ ಇನ್ಸುಲೇಷನ್. ಚಿಮಣಿಯ ಒಳಗೋಡೆಗೆ ಸೌದೆ ಹೊಗೆಯಿಂದ ಅಂಟುವ ಟಾರಿನಂಥ ಕ್ರಿಯೊಸೋಟ್‌ಗೆ ಬೆಂಕಿ ಹತ್ತಿದರೆ ಬಿಸಿ 1000 ಡಿಗ್ರಿ ದಾಟಬಹುದು. ಆಗ ಗಾರೆಯ ಬಿರುಕೇ ಮನೆಗೆ ಬೆಂಕಿಯ ದಾರಿ. ಉರಿಸುವ ಚಿಮಣಿಯನ್ನು ವರ್ಷಕ್ಕೊಮ್ಮೆ ತೋರಿಸಲೇಬೇಕು.

ಇನ್ನೊಂದು. ಹಳೆ ಫೈಬರ್‌ಗ್ಲಾಸ್ ಎತ್ತಿದಾಗ ಕಪ್ಪಗಿದ್ದರೆ ಎಲ್ಲರೂ ಹೆದರುತ್ತಾರೆ. ಬಹಳ ಸಲ ಅದು ಸುಟ್ಟದ್ದಲ್ಲ, ಸೋರುವ ಗಾಳಿಯ ಧೂಳು ಸೋಸಿ ಕೂತದ್ದು. ಪಕ್ಕದ ಮರ ನೋಡಿ. ಅದು ಕಂದು ತಿರುಗಿ, ಉಗುರಿನಲ್ಲಿ ಕೆರೆದರೆ ಕರಿ ಪುಡಿ ಉದುರುತ್ತಿದ್ದರೆ ಒಲೆ ಹಚ್ಚುವುದನ್ನು ಅಂದೇ ನಿಲ್ಲಿಸಿ.

— ನಮ್ಮದು ಇಟ್ಟಿಗೆಯಲ್ಲ, ಲೋಹದ ಕೊಳವೆ ಚಿಮಣಿ. ಅಂಥವರು ಕಂಪನಿಯ ಪುಸ್ತಕ ಹೇಳಿದಷ್ಟೇ ಅಂತರ ಬಿಡಿ, ಅದಕ್ಕೆಂದೇ ಬರುವ ಅಟ್ಟದ ಶೀಲ್ಡ್ (ಇನ್ಸುಲೇಷನ್ ಕೊಳವೆಗೆ ತಾಗದಂತೆ ತಡೆಯುವ ಲೋಹದ ಕವಚ) ಹಾಕಿಸಿ. ಸುಮ್ನೆ ಯಾವುದೋ ತಗಡು ಸುತ್ತಬೇಡಿ.

— ಪ್ರಶ್ನೆ ಕೇಳಿದವನೇ. ಇಂದು ಹತ್ತಿ ನೋಡಿದೆ. ಹಿಂಬದಿಯ ಗಾರೆಯಲ್ಲಿ ಮಸಿ ಗೆರೆ ಇದೆ. ಹಳೆ ಇನ್ಸುಲೇಷನ್ ಅಭ್ರಕದ ಚೂರಿನ ಹಾಗೆ ಹೊಳೆಯುವ ಹರಳು, ಬಾಚಿ ಚೀಲಕ್ಕೆ ತುಂಬಲಾ?

— ಮುಟ್ಟಬೇಡಿ! ಅದು ವರ್ಮಿಕ್ಯುಲೈಟ್ (ಹಿಂದೆ ಇನ್ಸುಲೇಷನ್‌ಗೆ ಸುರಿಯುತ್ತಿದ್ದ ಖನಿಜ) ಇರಬಹುದು. ಅಮೆರಿಕದ ಲಿಬ್ಬಿ ಗಣಿಯಿಂದ 1990ರವರೆಗೆ ಬಂದ ಮಾಲಿನಲ್ಲಿ ಆಸ್ಬೆಸ್ಟಾಸ್ (ಉಸಿರಿನಲ್ಲಿ ಹೋದರೆ ಕ್ಯಾನ್ಸರ್ ತರಬಲ್ಲ ನಾರಿನಂಥ ಖನಿಜ) ಬೆರೆತಿತ್ತು. ಕೆದಕಿದರೆ ಎಳೆಗಳು ಗಾಳಿಗೆ ಏಳುತ್ತವೆ. ಅಟ್ಟದ ಬಾಗಿಲು ಮುಚ್ಚಿ, ಆಸ್ಬೆಸ್ಟಾಸ್ ಪರೀಕ್ಷೆ ಮಾಡುವವರನ್ನು ಕರೆಸಿ. ಗಾರೆ ರಿಪೇರಿಯವರಿಗೂ ಈ ವಿಷಯ ಮೊದಲೇ ಹೇಳಿಬಿಡಿ.