ಮಳೆಗಾಲದ ಕೊಡಗಿನಲ್ಲಿ ಗಪ್ಪಿ ಸಾಕುವುದು ಹೇಗೆ? ಅನುಭವ ಇರುವವರು ಹಂಚಿಕೊಳ್ಳಿ

ಪ್ರಶ್ನೆ, ಮಡಿಕೇರಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಮಡಿಕೇರಿ ಹೊರವಲಯದ ತೋಟದ ಮನೆ. ಬೇಸಿಗೆಯಲ್ಲಿ ಮಗಳ ಆಸೆಗೆಂದು 50 ಲೀಟರಿನ ತೊಟ್ಟಿ ಇಟ್ಟು ಬೆಂಗಳೂರಿನಿಂದ ಗಪ್ಪಿ ಎಂಬ ಬಣ್ಣದ ಸಣ್ಣ ಮೀನುಗಳನ್ನು ತಂದೆವು. ಮೊದಲು ಚೆನ್ನಾಗಿಯೇ ಇದ್ದವು, ಮರಿಯನ್ನೂ ಹಾಕಿದವು. ಮಳೆ ಹಿಡಿದ ಮೇಲೆ ಒಂದೊಂದಾಗಿ ರೆಕ್ಕೆ ಮುದುಡಿಕೊಂಡು, ನಿಂತಲ್ಲೇ ಮೈ ಅಲುಗಿಸುತ್ತಾ, ಎರಡು ಮೂರು ದಿನಗಳಲ್ಲಿ ಸಾಯುತ್ತಿವೆ. ಮೈಮೇಲೆ ಬಿಳಿ ಚುಕ್ಕೆ ಇಲ್ಲ, ಗಾಯವೂ ಇಲ್ಲ. ಅಂಗಡಿಯವರು ಹೇಳಿದ ನೀಲಿ ಔಷಧಿ ಹಾಕಿದೆವು, ಉಪಯೋಗವಾಗಲಿಲ್ಲ. ನೀರು ನಮ್ಮದೇ ಬಾವಿಯದು, ನಾವೂ ಅದನ್ನೇ ಕುಡಿಯುತ್ತೇವೆ. ಗಾಳಿಯ ಪಂಪಿಗೆ ಜೋಡಿಸಿದ ಸ್ಪಂಜ್ ಫಿಲ್ಟರ್ ಇದೆ, ಹೀಟರ್ ಇಲ್ಲ. ಉಳಿದಿರುವ ಕೆಲವನ್ನಾದರೂ ಬದುಕಿಸಿ ಮರಿ ಮಾಡಿಸಬೇಕೆಂಬ ಆಸೆ. ನಮ್ಮ ಹವೆಯಲ್ಲಿ ಇದು ಸಾಧ್ಯವೇ?

ನಾಪೋಕ್ಲುವಿನಿಂದ

ಸಾಧ್ಯ ಅಕ್ಕ, ಖಂಡಿತ ಸಾಧ್ಯ. ಮೊದಲು ಔಷಧಿ ನಿಲ್ಲಿಸಿ. ನಿಂತಲ್ಲೇ ಮೈ ಅಲುಗಿಸುತ್ತವೆ ಎಂದು ಬರೆದಿದ್ದೀರಲ್ಲ, ಅದು ರೋಗಕ್ಕಿಂತ ಹೆಚ್ಚಾಗಿ ನೀರಿನ ದೋಷವನ್ನು ತೋರಿಸುತ್ತದೆ. ನೀಲಿ ಔಷಧಿ ಫಿಲ್ಟರಿನಲ್ಲಿ ನೆಲೆಸಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು ಕಷ್ಟವನ್ನು ಇಮ್ಮಡಿ ಮಾಡುತ್ತದೆ.

ಗಪ್ಪಿ, ಮೋಲಿ, ಪ್ಲಾಟಿ ಇವೆಲ್ಲ ಸುಣ್ಣದ ಅಂಶವಿರುವ ಗಡಸು ನೀರನ್ನು ಬಯಸುವ ಮೀನುಗಳು. ಗಪ್ಪಿಗೆ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ; 7ಕ್ಕಿಂತ ಕೆಳಗಿದ್ದರೆ ಹುಳಿ) 7ರಿಂದ 8ರ ನಡುವೆ ಇದ್ದರೆ ಹಿತ. ಅಂಗಡಿಗೆ ಬರುವ ಬಣ್ಣದ ಗಪ್ಪಿಗಳು ಹೆಚ್ಚಾಗಿ ಬಯಲುಸೀಮೆಯ ಕೊಳವೆಬಾವಿ ನೀರಿನಲ್ಲಿ ಹುಟ್ಟಿ ಬೆಳೆದವು. ನಮ್ಮಲ್ಲಿ ವರ್ಷಕ್ಕೆ ನೂರು ಇಂಚು ದಾಟುವ ಮಳೆ ಮಣ್ಣಿನ ಸುಣ್ಣವನ್ನೆಲ್ಲ ತೊಳೆದು ಒಯ್ದಿರುತ್ತದೆ. ತೋಟಕ್ಕೆ ಮತ್ತೆ ಮತ್ತೆ ಸುಣ್ಣ ಹಾಕುವುದು ಅದಕ್ಕೇ ತಾನೇ? ಬಾವಿಯ ನೀರೂ ಹಾಗೆಯೇ: ಕುಡಿಯಲು ಅಮೃತ, ಗಪ್ಪಿಗೆ ಬರಿದು. ಜುಲೈಯಲ್ಲಿ ನಮ್ಮ ಬಾವಿಯ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಅಳತೆ, 50ನ್ನೂ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಸ್ವಲ್ಪ ಏರಿರುತ್ತದೆ, ನಿಮ್ಮ ಮೀನುಗಳು ಅಷ್ಟು ದಿನ ತಡೆದುಕೊಂಡದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಹಾಗೆಂದು ತೋಟಕ್ಕೆ ತಂದ ಸುಣ್ಣವನ್ನು ತೊಟ್ಟಿಗೆ ಹಾಕಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಸುಣ್ಣದ ಅಂಶ ಮುಗಿದ ನೀರಿನಲ್ಲಿ ಪಿಎಚ್ 6ಕ್ಕಿಂತ ಕೆಳಗೆ ಇಳಿದಾಗ ಫಿಲ್ಟರಿನ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಕೆಲಸ ನಿಲ್ಲಿಸುತ್ತದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಆಗ ನೀರಿನಲ್ಲೇ ಉಳಿಯುತ್ತದೆ. ಹುಳಿ ನೀರಿನಲ್ಲಿ ಅದು ಅಮೋನಿಯಂ ರೂಪದಲ್ಲಿರುವುದರಿಂದ ಅಷ್ಟಾಗಿ ಕೊಲ್ಲುವುದಿಲ್ಲ. ನೀವು ಒಮ್ಮೆಗೇ ಪಿಎಚ್ ಏರಿಸಿದರೆ ಅದೇ ಅಮೋನಿಯಂ ವಿಷದ ಅಮೋನಿಯಾ ಆಗಿಬಿಡುತ್ತದೆ, ಬೆಳಗಾಗುವುದರೊಳಗೆ ತೊಟ್ಟಿ ಖಾಲಿ. ಆದ್ದರಿಂದ ಮೊದಲ ವಾರ ದಿನಕ್ಕೆ ಹತ್ತನೇ ಒಂದು ಭಾಗದಷ್ಟು ನೀರನ್ನು ಮಾತ್ರ ಬದಲಿಸುತ್ತಾ ಬನ್ನಿ. ಆಮೇಲೆ ಕೋಳಿ ಆಹಾರದ ಅಂಗಡಿಯಲ್ಲಿ ಸಿಗುವ ಕಡಲ ಚಿಪ್ಪಿನ ಚೂರನ್ನು ಒಂದು ಹಿಡಿ ತಂದು, ಚೆನ್ನಾಗಿ ತೊಳೆದು, ತೆಳು ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನ ಪಕ್ಕ ನೀರು ಆಡುವ ಕಡೆ ಇಡಿ. ನೀರು ಹುಳಿಯಾದಷ್ಟೂ ಚಿಪ್ಪು ಕರಗುತ್ತದೆ, ಪಿಎಚ್ ಏಳೂವರೆಯ ಹತ್ತಿರ ಬಂದಂತೆ ಕರಗುವುದು ತೀರಾ ನಿಧಾನವಾಗುತ್ತದೆ. ತಾನೇ ಅಳತೆ ತಪ್ಪದೆ ನಡೆಯುವ ಇಂಥ ಉಪಾಯ ಇನ್ನೊಂದನ್ನು ನಾನು ಕಂಡಿಲ್ಲ.

ಇನ್ನೊಂದು ಸಂಗತಿ ಕೇಳಬೇಕು. ಈ ತಿಂಗಳು ಮೆಣಸಿನ ಬಳ್ಳಿಗೆ ಶಿಲೀಂಧ್ರ ತಡೆಯುವ ಬೋರ್ಡೋ ದ್ರಾವಣ ಹೊಡೆಸಿದ್ದೀರಾ? ನೂರು ಲೀಟರ್ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು ಬೀಳುತ್ತದೆ. ಅದು ತಾಮ್ರ. ಮೆದು ನೀರಿನಲ್ಲಿ ತಾಮ್ರದ ವಿಷ ಮೀನಿಗೆ ಹೆಚ್ಚು ತಗಲುತ್ತದೆ. ಸಿಂಪಡಣೆಗೆ ಬಳಸಿದ ಡ್ರಮ್, ಬಕೆಟ್, ಪೈಪ್ ಯಾವುದನ್ನೂ ತೊಟ್ಟಿಯ ನೀರಿಗೆ ಮುಟ್ಟಿಸಬೇಡಿ, ಎಷ್ಟೇ ತೊಳೆದಿದ್ದರೂ ಬೇಡ. ತೊಟ್ಟಿಯಲ್ಲಿ ಬಸವನಹುಳು ಇದ್ದರೆ ಅವು ಹೇಗಿವೆ, ನೋಡಿ ತಿಳಿಸಿ.

ಕುಶಾಲನಗರದಿಂದ

ನಮ್ಮಲ್ಲಿ ಕಥೆ ಬೇರೆ. ಕೊಳವೆಬಾವಿಯ ನೀರು, ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವಷ್ಟು ಗಡಸು. ಗಪ್ಪಿಗಳು ಏನೂ ಕೇಳದೆ ಬೆಳೆಯುತ್ತವೆ. ಮೂವತ್ತು ಕಿಲೋಮೀಟರ್ ದೂರದಲ್ಲಿ ನೀರು ಇಷ್ಟು ಬದಲಾಗುವಾಗ, ಕುಶಾಲನಗರದವರು ಚಿಪ್ಪು ಹಾಕುವ ಅಗತ್ಯವೇ ಇಲ್ಲ. ಮೀನು ತರುವ ಮೊದಲು ಅಂಗಡಿಯ ನೀರನ್ನೂ ಮನೆಯ ನೀರನ್ನೂ ಟಿಡಿಎಸ್ ಮೀಟರಿನಿಂದ ಅಳೆಯಿರಿ. ವ್ಯತ್ಯಾಸ ದೊಡ್ಡದಿದ್ದರೆ ತಂದ ದಿನ ಮೀನನ್ನು ಬಕೆಟ್ಟಿನಲ್ಲಿ ಬಿಟ್ಟು, ಸಣ್ಣ ಕೊಳವೆಯಿಂದ ಮನೆಯ ನೀರು ಹನಿಹನಿಯಾಗಿ ಬೀಳುವಂತೆ ಮಾಡಿ, ಎರಡು ಗಂಟೆಯಾದರೂ ಹೊಂದಿಕೊಳ್ಳಲು ಬಿಡಿ. ಪೇಟೆಯ ನಲ್ಲಿ ನೀರಾದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಒಂದು ದಿನ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟು ಬಳಸಿ.

ಸೋಮವಾರಪೇಟೆಯಿಂದ

ನೀರಿನ ಮಾತು ಒಪ್ಪುತ್ತೇನೆ, ಆದರೆ ಚಳಿಯನ್ನು ಯಾರೂ ಹೇಳಲಿಲ್ಲ. ಕಕ್ಕಡದ (ಜುಲೈ ಆಗಸ್ಟಿನಲ್ಲಿ ಬರುವ ಕೊಡವ ತಿಂಗಳು) ಮಳೆಯಲ್ಲಿ ನಮ್ಮ ಮನೆಗಳ ಒಳಗೂ 18 ಡಿಗ್ರಿ ಇರುತ್ತದೆ. ಗಪ್ಪಿಗೆ 24ರಿಂದ 26 ಬೇಕು. ಚಳಿಯಲ್ಲಿ ಅದು ತಕ್ಷಣ ಸಾಯುವುದಿಲ್ಲ. ತಿನ್ನುವುದು ಕಡಿಮೆಯಾಗಿ, ರೋಗ ತಡೆಯುವ ಶಕ್ತಿ ಕುಂದಿ, ಹೊಟ್ಟೆಯಲ್ಲಿರುವ ಮರಿಗಳ ಬೆಳವಣಿಗೆಯೂ ತಡವಾಗುತ್ತದೆ. ಲೀಟರಿಗೆ ಒಂದು ವಾಟ್ ಎಂಬ ಲೆಕ್ಕ ಬಯಲುಸೀಮೆಗೆ ಸಾಕು. ಇಲ್ಲಿ 50 ಲೀಟರಿಗೆ 75 ಅಥವಾ 100 ವಾಟ್‌ನ, ಉಷ್ಣತೆ ನಿಗದಿ ಮಾಡಬಹುದಾದ ಹೀಟರ್ ತೆಗೆದುಕೊಳ್ಳಿ. ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಿ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ತೆಗೆಯುವುದನ್ನು ಮಗಳಿಗೂ ಕಲಿಸಿ.

ಮರ ಬಿದ್ದು ಕರೆಂಟ್ ಹೋದರೆ ಬರುವುದು ಯಾವಾಗ ಎಂದು ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲವಲ್ಲ. ತೊಟ್ಟಿಯ ಹಿಂಭಾಗಕ್ಕೂ ಎರಡು ಪಕ್ಕಗಳಿಗೂ ತಳಕ್ಕೂ ಥರ್ಮೋಕೋಲ್ ಹಾಳೆ ಕೊಡಿ, ಮೇಲೆ ಮುಚ್ಚಳವಿರಲಿ. ಗಾಳಿಯ ಪಂಪಿಗೆ ಕೆಲವೇ ವಾಟ್ ಸಾಕು, ಮನೆಯ ಇನ್ವರ್ಟರಿಗೆ ಅದನ್ನು ಸೇರಿಸಿ. ಹೀಟರನ್ನು ಸೇರಿಸಬೇಡಿ, ಬ್ಯಾಟರಿ ಬರಿದಾಗುತ್ತದೆ. ತೀರಾ ತಣ್ಣಗಾದಾಗ ಬಿಸಿನೀರು ತುಂಬಿದ ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ತೊಟ್ಟಿಯಲ್ಲಿ ತೇಲಿಬಿಡಿ, ಮೇಲೆ ಕಂಬಳಿ ಹೊದಿಸಿ. ಆ ದಿನಗಳಲ್ಲಿ ತಿಂಡಿ ಹಾಕಬೇಡಿ, ಆರೋಗ್ಯವಂತ ಗಪ್ಪಿ ಎರಡು ಮೂರು ದಿನ ಉಪವಾಸ ತಡೆಯುತ್ತದೆ. ಪಂಪು ದಿನವಿಡೀ ನಿಂತಿದ್ದರೆ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆದು ಆಮೇಲೆ ಚಾಲೂ ಮಾಡಿ.

ಮತ್ತೊಂದು. ಮಳೆಗಾಲಕ್ಕೆ ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚುವ ಕೋಣೆಯಲ್ಲಿ ತೊಟ್ಟಿ ಇದ್ದರೆ ಬತ್ತಿ, ತೊಟ್ಟಿ ಎರಡರಲ್ಲಿ ಒಂದನ್ನು ಬೇರೆ ಕಡೆಗೆ ಸರಿಸಿ. ಸೊಳ್ಳೆ ಬತ್ತಿಯಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಮೀನಿಗೆ ಬಹಳ ಅಪಾಯ, ಗಾಳಿಯ ಪಂಪು ಅದೇ ಹೊಗೆಯನ್ನು ಎಳೆದು ನೀರಿಗೆ ಊದುತ್ತದೆ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆ. ಬೋರ್ಡೋ ಹೊಡೆಸಿದ್ದೇವೆ, ಆದರೆ ಬಾವಿ ಮೆಣಸಿನ ಪಟ್ಟೆಗಿಂತ ಮೇಲಿದೆ. ಬಸವನಹುಳುಗಳು ಬದುಕಿವೆ, ಓಡಾಡಿಕೊಂಡಿವೆ. ಚಿಪ್ಪಿನ ಮೇಲೆ ಮಾತ್ರ ಬಿಳಿ ಬಿಳಿ ಗುಳಿಗಳು ಬಿದ್ದಿವೆ. ತೊಟ್ಟಿಯಲ್ಲಿ ಈಗ ಎರಡು ಹೆಣ್ಣು, ಮೂರು ಗಂಡು ಉಳಿದಿವೆ. ಒಂದು ಹೆಣ್ಣಿನ ಹೊಟ್ಟೆ ದೊಡ್ಡದಾಗಿದೆ.

ನಾಪೋಕ್ಲುವಿನಿಂದ

ಹಾಗಾದರೆ ತಾಮ್ರದ ಚಿಂತೆ ಬಿಡಿ, ತಾಮ್ರವಿದ್ದರೆ ಬಸವನಹುಳು ಮೀನಿಗಿಂತ ಮೊದಲೇ ಸಾಯುತ್ತಿತ್ತು. ಚಿಪ್ಪಿನ ಗುಳಿ ಎಂದರೆ ನೀರು ಅದರ ಸುಣ್ಣವನ್ನೇ ಕಿತ್ತು ತಿನ್ನುತ್ತಿದೆ. ನಿಮ್ಮ ನೀರಿಗೆ ಚಿಪ್ಪಿನ ಚೂರು ಬೇಕೇ ಬೇಕು.

ಗೋಣಿಕೊಪ್ಪದಿಂದ

ಅಮ್ಮಾ, ಮೊದಲು ಆ ಗಂಡುಗಳಲ್ಲಿ ಎರಡನ್ನು ಬೇರೆ ಮಾಡಿ. ಗಂಡು ಇಡೀ ದಿನ ಹೆಣ್ಣಿನ ಬೆನ್ನು ಬಿಡುವುದಿಲ್ಲ. ಸೊರಗಿದ ಹೆಣ್ಣಿಗೆ ಆ ಕಾಟ ಸಾಕು. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಬೇಕು. ಮೂರು ಗಂಡುಗಳನ್ನೂ ತೆಗೆದರೂ ಮರಿ ನಿಲ್ಲುವುದಿಲ್ಲ, ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಳಗೆ ಕಾಪಿಟ್ಟುಕೊಂಡು ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತಲೇ ಇರುತ್ತದೆ.

ಬಾಲದ ಬುಡದ ಹತ್ತಿರ ಹೊಟ್ಟೆಯ ಮೇಲೆ ಕಪ್ಪು ಕಲೆ ಇರುತ್ತದೆ. ಅದು ದಟ್ಟವಾಗಿ, ಹೊಟ್ಟೆ ಚೌಕಾಕಾರಕ್ಕೆ ತಿರುಗಿದರೆ ದಿನ ಹತ್ತಿರವಾಯಿತು. ಆಗ ಹೆಣ್ಣನ್ನು ಮರಿ ಹಾಕಿಸಲೆಂದು ಬಳಸುವ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಹಾಕುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಹೆದರಿದ ಮೀನು ಮರಿಯನ್ನು ತಡೆದು ಹಿಡಿಯುತ್ತದೆ, ಅಥವಾ ದಿನ ತುಂಬುವ ಮೊದಲೇ ಹಾಕಿಬಿಡುತ್ತದೆ. ತೊಟ್ಟಿಯ ಒಂದು ಮೂಲೆಯಲ್ಲಿ ಜಾವಾ ಮಾಸ್ ಎಂಬ ನೀರಿನ ಹಾವಸೆ ಗಿಡವನ್ನು ಮುದ್ದೆಯಾಗಿ ಬೆಳೆಸಿ. ಅಮ್ಮನೂ ಮರಿಯನ್ನು ತಿನ್ನುತ್ತದೆ, ಮಾಸ್ ಒಳಗೆ ನುಗ್ಗಿದ ಮರಿ ಉಳಿಯುತ್ತದೆ. ಗದ್ದೆಯಿಂದಲೋ ತೋಡಿನಿಂದಲೋ ನೀರಿನ ಗಿಡ ಕಿತ್ತು ತಂದು ಹಾಕಬೇಡಿ. ಅದರ ಜೊತೆ ಕೊಡತಿಹುಳ, ಅಂದರೆ ಏರೋಪ್ಲೇನ್ ಚಿಟ್ಟೆಯ ಮರಿ ಬರುತ್ತದೆ, ಒಂದೇ ಹುಳ ಇಡೀ ಸೂಲಿನ ಮರಿಗಳನ್ನು ಹಿಡಿದು ಮುಗಿಸಬಲ್ಲದು.

ಮರಿ ಹುಟ್ಟಿದ ಗಳಿಗೆಯಿಂದಲೇ ಈಜುತ್ತದೆ, ತಿನ್ನುತ್ತದೆ. ದಿನಕ್ಕೆ ನಾಲ್ಕೈದು ಬಾರಿ ಚಿಟಿಕೆಯಷ್ಟೇ ಕೊಡಿ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಸೂಜಿ ಮೊನೆಯಷ್ಟು ಹಾಕಬಹುದು, ಆದರೆ ಅದು ಬೇಗ ನೀರು ಕೆಡಿಸುತ್ತದೆ. ಆರ್ಟೀಮಿಯಾ (ಉಪ್ಪುನೀರಿನ ಸಿಗಡಿಯಂಥ ಸಣ್ಣ ಜೀವಿ) ಮೊಟ್ಟೆ ತರಿಸಿ ಮನೆಯಲ್ಲೇ ಒಡೆಸಿದರೆ ಅದಕ್ಕೆ ಸಮನಾದ ಆಹಾರವಿಲ್ಲ. ಲೀಟರ್ ನೀರಿಗೆ ಸುಮಾರು 25 ಗ್ರಾಂ ಉಪ್ಪು, ಬಾಟಲಿಯ ತಳದಿಂದ ಗಾಳಿ. 28 ಡಿಗ್ರಿಯಲ್ಲಿ ಒಂದು ದಿನಕ್ಕೆ ಒಡೆಯುವ ಮೊಟ್ಟೆ ನಮ್ಮ ಮಳೆಗಾಲದಲ್ಲಿ ಎರಡು ದಿನವಾದರೂ ಒಡೆಯುವುದಿಲ್ಲ. ಬಾಟಲಿಯನ್ನು ಹೀಟರ್ ಇರುವ ತೊಟ್ಟಿಯೊಳಗೆ ನಿಲ್ಲಿಸಿಬಿಡಿ, ಆ ತೊಂದರೆ ಮುಗಿಯಿತು.

ಮೂರು ನಾಲ್ಕು ವಾರಕ್ಕೆ ಗಂಡು ಮರಿಗಳ ಹೊಟ್ಟೆಯಡಿಯ ರೆಕ್ಕೆ ಚೂಪಾಗತೊಡಗುತ್ತದೆ. ಆಗಲೇ ಬೇರ್ಪಡಿಸಿ. ತಡಮಾಡಿದರೆ ಅಣ್ಣ ತಂಗಿಯರೇ ಕೂಡಿ, ಕೆಲವು ತಲೆಮಾರಿಗೆ ಬಾಲ ಸಣ್ಣದು, ಬೆನ್ನು ಡೊಂಕು. ವರ್ಷಕ್ಕೊಮ್ಮೆಯಾದರೂ ಬೇರೆ ಮನೆಯ ಗಂಡೊಂದನ್ನು ಬದಲಿಸಿಕೊಳ್ಳಿ. ಹೊಸದನ್ನು ತಂದರೆ ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ, ಆಮೇಲೆ ಸೇರಿಸಿ.

ವಿರಾಜಪೇಟೆಯಿಂದ

ಮರಿ ಹೆಚ್ಚಾದಾಗ ತೋಡಿಗೆ ಬಿಡುವವರನ್ನು ನೋಡಿದ್ದೇನೆ, ಅದನ್ನು ದಯವಿಟ್ಟು ಮಾಡಬೇಡಿ. ಸೊಳ್ಳೆ ಮರಿ ತಿನ್ನಲೆಂದು 1908ರಲ್ಲಿ ಭಾರತಕ್ಕೆ ತಂದ ಮೀನು ಇದು, ನೆಲೆಯೂರಿದಲ್ಲಿ ನಮ್ಮ ಸಣ್ಣ ಮೀನುಗಳ ಮೊಟ್ಟೆ ಮರಿಯನ್ನೂ ಬಿಡುವುದಿಲ್ಲ. ಇಲ್ಲಿಯ ಪ್ರತಿಯೊಂದು ತೋಡೂ ಕೊನೆಗೆ ಕಾವೇರಿಗೋ ಪಶ್ಚಿಮದ ಹೊಳೆಗೋ ಸೇರುತ್ತದೆ. ಹೆಚ್ಚಾದವನ್ನು ಮನೆಯಂಗಳದ, ಹೊರಕ್ಕೆ ಹರಿಯದ ಸಿಮೆಂಟ್ ತೊಟ್ಟಿಯಲ್ಲಿ ಬಿಡಿ, ಇಲ್ಲವೇ ಸಾಕುವವರಿಗೆ ಕೊಡಿ.

ಕುಶಾಲನಗರದಿಂದ

ಅಕ್ಕ, ನನ್ನಲ್ಲಿ ಜಾವಾ ಮಾಸ್ ಬೇಕಾದಷ್ಟಿದೆ, ಎರಡು ಹೆಣ್ಣು ಗಪ್ಪಿಗಳನ್ನೂ ಕೊಡಬಲ್ಲೆ. ಮಾಸ್ ಈಗಲೇ ಒಯ್ಯಿರಿ. ಮೀನು ಮಾತ್ರ ನಿಮ್ಮ ತೊಟ್ಟಿಗೆ ಹೀಟರ್ ಬಂದು, ಚಿಪ್ಪು ಹಾಕಿ ಎರಡು ವಾರ ಕಳೆದು, ಟಿಡಿಎಸ್ 150ರ ಹತ್ತಿರ ನಿಂತ ಮೇಲೆ.